ಸಣ್ಣ ಕೊಳವೆಯಲ್ಲಿ ನೀರು ತಾನಾಗಿ ಏರುವುದು ಹೇಗೆ? ಮನೆಯಲ್ಲೇ ಮಾಡಿ, ಅಳೆದು ನೋಡುವ ಸಮಗ್ರ ಮಾರ್ಗದರ್ಶಿ

ಒಂದು ಮಿಲಿಮೀಟರ್ ಅಗಲದ ರಂಧ್ರವಿರುವ ಗಾಜಿನ ಕೊಳವೆಯನ್ನು ನೀರಿಗೆ ತಾಗಿಸಿ. ನೀರು ತಾನಾಗಿ ಸುಮಾರು 3 ಸೆಂ.ಮೀ. ಮೇಲೇರಿ ನಿಲ್ಲುತ್ತದೆ. ರಂಧ್ರ ಅರ್ಧ ಮಿಲಿಮೀಟರ್ ಇದ್ದರೆ 6 ಸೆಂ.ಮೀ. ಏರುತ್ತದೆ. ಪಂಪಿಲ್ಲ, ಹೀರುವವರೂ ಇಲ್ಲ. ಇದಕ್ಕೆ ಲೋಮನಾಳ ಕ್ರಿಯೆ (ಕ್ಯಾಪಿಲರಿ ಕ್ರಿಯೆ) ಎನ್ನುತ್ತಾರೆ.

ಪ್ರಥಮ ಪಿಯುಸಿ ಭೌತಶಾಸ್ತ್ರದಲ್ಲಿ ಇದಕ್ಕೊಂದು ಸೂತ್ರ ಬರುತ್ತದೆ. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಎರಡು ಲೆಕ್ಕ ಬಿಡಿಸುತ್ತಾರೆ, ಮುಂದಿನ ಪಾಠಕ್ಕೆ ಹೋಗುತ್ತಾರೆ. ಇಷ್ಟಕ್ಕೇ ಬಿಟ್ಟುಬಿಡಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಈ ಪ್ರಯೋಗಕ್ಕೆ ಖರ್ಚು ತೀರಾ ಕಡಿಮೆ. ಜೋಪಾನವಾಗಿ ಮಾಡಿದರೆ ನೀರಿನ ಮೇಲ್ಮೈ ಎಳೆತವನ್ನು ಅಡುಗೆಮನೆಯ ಮೇಜಿನ ಮೇಲೇ ಚೆನ್ನಾಗಿ ಅಳೆಯಬಹುದು. ಅದನ್ನು ಹಂತ ಹಂತವಾಗಿ ಹೇಳುತ್ತೇನೆ.

ಮೊದಲು, ನೀರನ್ನು ಎತ್ತುವುದು ಯಾವುದು?

ನೀರಿನ ಒಳಗಿರುವ ಅಣುವನ್ನು ಸುತ್ತಲಿನ ಅಣುಗಳು ಎಲ್ಲ ಕಡೆಯಿಂದಲೂ ಎಳೆಯುತ್ತವೆ. ಮೇಲ್ಮೈಯಲ್ಲಿರುವ ಅಣುವಿಗೆ ಮೇಲುಗಡೆ ಜೊತೆಗಾರರಿಲ್ಲ. ಅದಕ್ಕೆ ಒಳಗಿನ ಎಳೆತವೇ ಜಾಸ್ತಿ. ಹೀಗಾಗಿ ನೀರಿನ ಮೇಲ್ಮೈ ಯಾವಾಗಲೂ ಕುಗ್ಗಲು ನೋಡುತ್ತದೆ. ಈ ಬಿಗುವೇ ಮೇಲ್ಮೈ ಎಳೆತ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿಗೆ ಅದರ ಬೆಲೆ ಮೀಟರಿಗೆ 0.0728 ನ್ಯೂಟನ್. ಅಂದರೆ ಒಂದು ಸೆಂ.ಮೀ. ಉದ್ದದ ಗೆರೆಯ ಮೇಲೆ ಸುಮಾರು 74 ಮಿಲಿಗ್ರಾಂ ತೂಕದಷ್ಟು ಎಳೆತ. ಕಡಿಮೆ ಅನಿಸುತ್ತದೆ, ಅಲ್ವಾ? ಸಣ್ಣ ಕೊಳವೆಯೊಳಗೆ ಇಷ್ಟೇ ಸಾಕು.

ಇನ್ನು ಗಾಜು. ಶುದ್ಧ ಗಾಜಿನ ಮೈಗೆ ನೀರು ಚೆನ್ನಾಗಿ ಅಂಟಿಕೊಳ್ಳುತ್ತದೆ. ಗೋಡೆಯ ಪಕ್ಕದ ನೀರು ಅಂಚಿನ ಉದ್ದಕ್ಕೂ ಮೇಲಕ್ಕೆ ಹತ್ತುತ್ತದೆ, ನಡುವಿನ ನೀರು ತಗ್ಗಿನಲ್ಲಿ ಉಳಿಯುತ್ತದೆ. ಮೇಲ್ಮೈ ಬಟ್ಟಲಿನಂತೆ ಬಾಗುತ್ತದೆ. ಇದಕ್ಕೆ ಮೆನಿಸ್ಕಸ್ ಎನ್ನುತ್ತಾರೆ. ಬಾಗಿದ ಮೇಲ್ಮೈ ಕುಗ್ಗಲು ಹೋದಾಗ ಕೆಳಗಿನ ನೀರು ಅದರ ಜೊತೆಗೇ ಮೇಲೇಳುತ್ತದೆ. ಗೋಡೆ ಮತ್ತೆ ಒದ್ದೆಯಾಗುತ್ತದೆ, ಮೇಲ್ಮೈ ಮತ್ತೆ ಬಾಗುತ್ತದೆ. ಏರಿದ ನೀರಿನ ತೂಕ ಅಂಚಿನ ಎಳೆತಕ್ಕೆ ಸಮವಾದಾಗ ಏರಿಕೆ ನಿಲ್ಲುತ್ತದೆ.

ಸಣ್ಣ ಕೊಳವೆಯಲ್ಲೇ ಯಾಕೆ ಹೆಚ್ಚು ಏರಬೇಕು? ಎತ್ತುವ ಬಲ ಅಂಚಿನ ಸುತ್ತಳತೆಗೆ ತಕ್ಕಂತೆ ಇರುತ್ತದೆ. ಹೊರುವ ತೂಕ ರಂಧ್ರದ ವಿಸ್ತೀರ್ಣಕ್ಕೆ ತಕ್ಕಂತೆ ಇರುತ್ತದೆ. ತ್ರಿಜ್ಯ ಅರ್ಧವಾದರೆ ಸುತ್ತಳತೆ ಅರ್ಧವಾಗುತ್ತದೆ, ವಿಸ್ತೀರ್ಣ ಮಾತ್ರ ಕಾಲು ಭಾಗಕ್ಕೆ ಇಳಿಯುತ್ತದೆ. ಲೆಕ್ಕ ಸರಿಹೋಗಬೇಕಾದರೆ ನೀರು ಎರಡು ಪಟ್ಟು ಎತ್ತರಕ್ಕೆ ಹೋಗಲೇಬೇಕು. ಸೂತ್ರದಲ್ಲಿರುವುದೂ ಇಷ್ಟೇ:

ಎತ್ತರ = (2 × ಮೇಲ್ಮೈ ಎಳೆತ × ಸ್ಪರ್ಶ ಕೋನದ ಕೊಸೈನ್) ÷ (ತ್ರಿಜ್ಯ × ಸಾಂದ್ರತೆ × ಗುರುತ್ವ)

ಸ್ಪರ್ಶ ಕೋನ ಎಂದರೆ ನೀರಿನ ಮೇಲ್ಮೈ ಗಾಜನ್ನು ಮುಟ್ಟುವ ಕೋನ. ಚೊಕ್ಕ ಗಾಜು, ಚೊಕ್ಕ ನೀರಾದರೆ ಅದು ಹೆಚ್ಚುಕಮ್ಮಿ ಸೊನ್ನೆ. ಆಗ ಕೊಸೈನ್ ಬೆಲೆ 1. ನೀರಿಗೆ ಇನ್ನೂ ಸುಲಭದ ಲೆಕ್ಕ ಬೇಕೆಂದರೆ, 30ನ್ನು ರಂಧ್ರದ ವ್ಯಾಸದಿಂದ ಭಾಗಿಸಿ. ಎರಡನ್ನೂ ಮಿಲಿಮೀಟರಿನಲ್ಲಿ ಇಟ್ಟುಕೊಳ್ಳಿ.

ಗಾಳಿಯ ಒತ್ತಡವೇ ನೀರನ್ನು ಮೇಲೆ ತಳ್ಳುತ್ತದೆ ಎಂದು ಹಿಂದೆ ಹಲವರು ನಂಬಿದ್ದರು. 18ನೇ ಶತಮಾನದ ಆರಂಭದಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಪ್ರಯೋಗಗಳನ್ನು ನಡೆಸುತ್ತಿದ್ದ ಫ್ರಾನ್ಸಿಸ್ ಹಾಕ್ಸ್‌ಬೀ ಗಾಳಿ ತೆಗೆದ ಪಾತ್ರೆಯಲ್ಲೂ ನೀರು ಏರುತ್ತದೆ ಎಂದು ತೋರಿಸಿದ. ಕೊಳವೆಯ ಗೋಡೆ ದಪ್ಪವಿರಲಿ, ತೆಳುವಿರಲಿ, ಏರಿಕೆ ಒಂದೇ ಎಂಬುದನ್ನೂ ಕಂಡ. 1718ರಲ್ಲಿ ಜೇಮ್ಸ್ ಜೂರಿನ್ ಇದನ್ನು ಮುಂದುವರಿಸಿದ. ನೀರಿನ ಎತ್ತರಕ್ಕೆ ಲೆಕ್ಕಕ್ಕೆ ಬರುವುದು ಮೆನಿಸ್ಕಸ್ ನಿಂತ ಜಾಗದ ಅಗಲ ಮಾತ್ರ, ಅದರ ಕೆಳಗೆ ಕೊಳವೆ ಎಷ್ಟೇ ಅಗಲವಿದ್ದರೂ ಪರವಾಗಿಲ್ಲ ಎಂಬುದು ಅವನ ದೊಡ್ಡ ಶೋಧ. ಈ ಒಂದು ಮಾತನ್ನು ನೆನಪಿಡಿ. ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ. ಕೋನ ಮತ್ತು ಬಾಗುವಿಕೆಯ ಗಣಿತವನ್ನು 1805ರಲ್ಲಿ ಥಾಮಸ್ ಯಂಗ್, 1806ರಲ್ಲಿ ಲಾಪ್ಲಾಸ್ ಕೊಟ್ಟರು. ಅಂದಹಾಗೆ, 1901ರಲ್ಲಿ ಪ್ರಕಟವಾದ ಐನ್‌ಸ್ಟೈನ್ ಅವರ ಮೊಟ್ಟಮೊದಲ ಪ್ರಬಂಧದ ವಿಷಯವೂ ಇದೇ.

ಏನೇನು ಬೇಕು

ಮುಖ್ಯವಾಗಿ ಬೇಕಾದ್ದು ಗಾಜಿನ ಕ್ಯಾಪಿಲರಿ ಟ್ಯೂಬು. ರಕ್ತ ಪರೀಕ್ಷೆಯ ಲ್ಯಾಬಿಗೆ ಸಾಮಾನು ಮಾರುವ ಅಂಗಡಿಯಲ್ಲಿ ಹೆಮಟೊಕ್ರಿಟ್ ಟ್ಯೂಬು ಕೇಳಿ. 75 ಮಿ.ಮೀ. ಉದ್ದ, ಒಳವ್ಯಾಸ ಸುಮಾರು 1.1 ಮಿ.ಮೀ. ಇರುತ್ತದೆ. ನೀಲಿ ಗೆರೆಯದ್ದನ್ನೇ ಕೊಳ್ಳಿ. ಕೆಂಪು ಗೆರೆಯದರ ಒಳಗೆ ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಸವರಿರುತ್ತಾರೆ, ಅದು ನಮಗೆ ಬೇಡ. ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಸಿಗುವ ಟ್ಯೂಬೂ ಆಗುತ್ತದೆ. ಆದರೆ ಎರಡೂ ತುದಿ ತೆರೆದಿವೆಯೇ ನೋಡಿಕೊಳ್ಳಿ, ಕೆಲವಕ್ಕೆ ಒಂದು ಕಡೆ ಮುಚ್ಚಿರುತ್ತದೆ.

ಜೊತೆಗೆ ಅಗಲ ಬಾಯಿಯ ಗಾಜಿನ ಬಟ್ಟಲು, 15 ಸೆಂ.ಮೀ. ಸ್ಕೇಲು, ಗುಂಡುಸೂಜಿ, ಸೆಲ್ಲೋಟೇಪು, ರಬ್ಬರ್‌ಬ್ಯಾಂಡು, 0.01 ಗ್ರಾಂವರೆಗೆ ತೋರಿಸುವ ಪುಟ್ಟ ತೂಕದ ಯಂತ್ರ ಬೇಕು. ಡಿಸ್ಟಿಲ್ಡ್ ವಾಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಫಿಲ್ಟರ್ ನೀರು ಸಾಕು. ನೀರಿನಲ್ಲಿ ಸ್ವಲ್ಪ ಉಪ್ಪಿನಂಶ ಇದ್ದರೆ ಮೇಲ್ಮೈ ಎಳೆತ ಹೆಚ್ಚೇನೂ ಬದಲಾಗುವುದಿಲ್ಲ. ಕೆಡಿಸುವುದು ಸೋಪು ಮತ್ತು ಎಣ್ಣೆ.

ಪ್ಲಾಸ್ಟಿಕ್ ಸ್ಟ್ರಾ, ಪೆನ್ನಿನ ರೀಫಿಲ್ಲು ಬೇಡ. ಅವುಗಳ ಪ್ಲಾಸ್ಟಿಕ್ಕಿಗೆ ನೀರು ಸರಿಯಾಗಿ ಅಂಟುವುದಿಲ್ಲ.

ಹಂತ 1: ಟ್ಯೂಬನ್ನು ತೊಳೆಯುವುದು

ಅರ್ಧ ಪ್ರಯೋಗ ಇಲ್ಲೇ ಇದೆ. ಬೆರಳಿನ ಜಿಡ್ಡು ತಾಗಿದರೂ ಸ್ಪರ್ಶ ಕೋನ ಬದಲಾಗಿ ಎತ್ತರ ಕಡಿಮೆ ಬರುತ್ತದೆ. ಪಾತ್ರೆ ತೊಳೆಯುವ ಸೋಪಿನ ಬಿಸಿನೀರಿನಲ್ಲಿ ಟ್ಯೂಬುಗಳನ್ನು ಸ್ವಲ್ಪ ಹೊತ್ತು ನೆನೆಸಿಡಿ. ಆಮೇಲೆ ಬರೀ ನೀರಿನಲ್ಲಿ ಸಾಕೆನಿಸಿದ ಮೇಲೂ ಇನ್ನೊಂದೆರಡು ಸಲ ಜಾಲಿಸಿ. ಒಂದು ತುದಿಯನ್ನು ನೀರಿಗೆ ತಾಗಿಸಿ ತುಂಬಿಸಿ, ಇನ್ನೊಂದು ತುದಿಯನ್ನು ಟಿಶ್ಯೂಗೆ ಒತ್ತಿದರೆ ಒಳಗಿನ ನೀರು ಪೂರ್ತಿ ಹೊರಬರುತ್ತದೆ. ಹೀಗೇ ಮತ್ತೆ ಮತ್ತೆ ಮಾಡಿ. ಕೊನೆಗೆ ಡಿಸ್ಟಿಲ್ಡ್ ವಾಟರ್ ಹಾಯಿಸಿ ಒಣಗಲು ಬಿಡಿ. ಬಾಯಿಂದ ಊದಬೇಡಿ, ಹೀರಬೇಡಿ. ಬಟ್ಟಲನ್ನೂ ಇದೇ ರೀತಿ ತೊಳೆಯಿರಿ. ಟ್ಯೂಬನ್ನು ಹಿಡಿಯುವಾಗ ನಡುವಿನಲ್ಲಿ ಹಿಡಿಯಿರಿ. ತೆಳು ಗಾಜು ಪಟ್ಟನೆ ಮುರಿದು ಕೈಗೆ ಚುಚ್ಚುತ್ತದೆ, ಮಕ್ಕಳು ಮಾಡುವಾಗ ದೊಡ್ಡವರು ಜೊತೆಗಿರಬೇಕು.

ಹಂತ 2: ರಂಧ್ರ ಎಷ್ಟು ಅಗಲ?

ಲ್ಯಾಬಿನಲ್ಲಿ ಇದಕ್ಕೆ ಟ್ರಾವೆಲಿಂಗ್ ಮೈಕ್ರೋಸ್ಕೋಪ್ ಇರುತ್ತದೆ. ಮನೆಯಲ್ಲಿ ಸ್ಕೇಲು ಹಿಡಿದು ಅಳೆಯಲು ಹೋದರೆ ತಪ್ಪು ಗ್ಯಾರಂಟಿ. ತೂಕದ ದಾರಿಯೇ ಒಳ್ಳೆಯದು.

ಒಂದು ಟ್ಯೂಬಿನಲ್ಲಿ ಹಿಡಿಯುವ ನೀರಿನ ತೂಕ 0.07 ಗ್ರಾಂ ಅಷ್ಟೇ. ನಮ್ಮ ಯಂತ್ರಕ್ಕೆ ಅದು ತೀರಾ ಕಡಿಮೆ. ಅದಕ್ಕೇ 20 ಟ್ಯೂಬುಗಳನ್ನು ಒಟ್ಟಿಗೆ ತೂಗಬೇಕು. ಒಣಗಿದ 20 ಟ್ಯೂಬುಗಳನ್ನು ಡಬ್ಬಿಯ ಮುಚ್ಚಳದಲ್ಲಿಟ್ಟು ತೂಕ ಬರೆದುಕೊಳ್ಳಿ. ಈಗ ಒಂದೊಂದನ್ನೇ ಅಡ್ಡಡ್ಡ ಹಿಡಿದು ತುದಿಯನ್ನು ನೀರಿಗೆ ತಾಗಿಸಿ. ಅಡ್ಡ ಹಿಡಿದಾಗ ಎತ್ತಬೇಕಾದ ತೂಕವೇ ಇಲ್ಲದ್ದರಿಂದ ನೀರು ಆ ತುದಿಯವರೆಗೂ ಓಡುತ್ತದೆ. ಹೊರಗಿನ ತೇವ ಒರೆಸಿ ಮುಚ್ಚಳಕ್ಕೆ ಹಾಕಿ. ಬೇಗ ಬೇಗ ಮಾಡಿ, ಇಲ್ಲದಿದ್ದರೆ ತುದಿಯಿಂದ ನೀರು ಆರುತ್ತದೆ. ಮತ್ತೆ ತೂಗಿ.

ಉದಾಹರಣೆಗೆ, ತೂಕದ ವ್ಯತ್ಯಾಸ 1.43 ಗ್ರಾಂ ಬಂತು ಎನ್ನೋಣ. ಒಂದು ಟ್ಯೂಬಿಗೆ 0.0715 ಗ್ರಾಂ. ಒಂದು ಗ್ರಾಂ ನೀರು ಎಂದರೆ 1000 ಘನ ಮಿ.ಮೀ., ಹಾಗಾಗಿ 71.5 ಘನ ಮಿ.ಮೀ. ಇದನ್ನು ಉದ್ದ 75ರಿಂದ ಭಾಗಿಸಿದರೆ ರಂಧ್ರದ ವಿಸ್ತೀರ್ಣ 0.953 ಚದರ ಮಿ.ಮೀ. ಅದನ್ನು 3.14ರಿಂದ ಭಾಗಿಸಿ ವರ್ಗಮೂಲ ತೆಗೆದರೆ ತ್ರಿಜ್ಯ 0.551 ಮಿ.ಮೀ. ಸಿಗುತ್ತದೆ. ಇಷ್ಟು ಸಾಮಾನ್ಯ ಸಾಮಾನಿನಲ್ಲಿ ಇಷ್ಟು ಸೂಕ್ಷ್ಮದ ಅಳತೆ ಸಿಗುವುದು ನಿಜಕ್ಕೂ ಖುಷಿಯ ಸಂಗತಿ.

ಹಂತ 3: ಜೋಡಿಸಿ ಎತ್ತರ ಓದುವುದು

ಬಹಳ ಜನ ಸ್ಕೇಲನ್ನೇ ನೀರಿಗೆ ಇಳಿಸುತ್ತಾರೆ. ಸ್ಕೇಲಿನ ಮೈಗೂ ನೀರು ಹತ್ತುವುದರಿಂದ ಬಟ್ಟಲಿನ ನೀರಿನ ಮಟ್ಟ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ. ಗುಂಡುಸೂಜಿ ಇರುವುದು ಇದಕ್ಕೇ.

ಸ್ಕೇಲಿನ ಅಂಚಿಗೆ ಟ್ಯೂಬನ್ನು ರಬ್ಬರ್‌ಬ್ಯಾಂಡಿನಿಂದ ಕಟ್ಟಿ. ಟ್ಯೂಬಿನ ತುದಿ ಸ್ಕೇಲಿಗಿಂತ 2 ಸೆಂ.ಮೀ. ಕೆಳಗೆ ಚಾಚಿರಲಿ. ಟ್ಯೂಬಿನಿಂದ ಒಂದು ಸೆಂ.ಮೀ. ಆಚೆ ಗುಂಡುಸೂಜಿಯನ್ನು ಟೇಪಿನಿಂದ ಅಂಟಿಸಿ. ಅದರ ಚೂಪು ತುದಿ ಕೆಳಗೆ ನೋಡುತ್ತಿರಲಿ, ಟ್ಯೂಬಿನ ತುದಿಗಿಂತ ಸುಮಾರು ಒಂದು ಸೆಂ.ಮೀ. ಮೇಲಿರಲಿ. ಇನ್ನೊಂದು ಸ್ಕೇಲು ಹಿಡಿದು, ಮೊದಲ ಸ್ಕೇಲಿನ ಸೊನ್ನೆ ಗೆರೆಗಿಂತ ಸೂಜಿಯ ತುದಿ ಎಷ್ಟು ಕೆಳಗಿದೆ ಎಂದು ಬರೆದಿಟ್ಟುಕೊಳ್ಳಿ. ಪುಸ್ತಕದ ರಾಶಿಯ ನಡುವೆ ಸ್ಕೇಲನ್ನು ಸಿಕ್ಕಿಸಿ ನೆಟ್ಟಗೆ ನಿಲ್ಲಿಸಿ. ಕೆಳಗೆ ಬಟ್ಟಲಿಟ್ಟು ನಿಧಾನಕ್ಕೆ ನೀರು ಸುರಿಯಿರಿ.

ಈಗ ಕಣ್ಣನ್ನು ನೀರಿನ ಮಟ್ಟಕ್ಕೆ ತನ್ನಿ. ಸೂಜಿಯ ತುದಿ ಕಾಣುತ್ತದೆ, ನೀರಿನಲ್ಲಿ ಅದರ ಬಿಂಬವೂ ತಲೆಕೆಳಗಾಗಿ ಕಾಣುತ್ತದೆ. ನೀರು ಏರಿದಂತೆ ಎರಡೂ ಹತ್ತಿರ ಬರುತ್ತವೆ. ಕೊನೆಗೆ ಡ್ರಾಪರಿನಿಂದ ಒಂದೊಂದೇ ಹನಿ ಹಾಕಿ. ತುದಿ ಮತ್ತು ಬಿಂಬ ಕೂಡಿದ ಕ್ಷಣಕ್ಕೆ ನಿಲ್ಲಿಸಿ. ಒಂದು ಹನಿ ಜಾಸ್ತಿಯಾದರೂ ನೀರು ಫಕ್ಕನೆ ಸೂಜಿಗೆ ಹತ್ತಿಬಿಡುತ್ತದೆ. ಆಗ ಸ್ವಲ್ಪ ನೀರು ತೆಗೆದು, ಸೂಜಿ ಒರೆಸಿ, ಮತ್ತೆ ಮಾಡಿ.

ಒಳಗಿನ ಗೋಡೆ ಪೂರ್ತಿ ಒದ್ದೆಯಾಗಿರಬೇಕು. ಅದಕ್ಕೆ ಬಟ್ಟಲನ್ನು ಒಂದೆರಡು ಸೆಂ.ಮೀ. ಮೇಲೆತ್ತಿ ನೀರನ್ನು ಟ್ಯೂಬಿನಲ್ಲಿ ಇನ್ನಷ್ಟು ಮೇಲೆ ಕಳಿಸಿ, ಮತ್ತೆ ಇಳಿಸಿ. ಸೂಜಿಗೆ ತಾಗಿದ ನೀರನ್ನು ಒರೆಸಿ ಮಟ್ಟ ಸರಿಮಾಡಿ. ಏರುವಾಗ ನಿಂತ ಜಾಗ, ಇಳಿಯುವಾಗ ನಿಂತ ಜಾಗ ಒಂದೇ ಆದರೆ ಟ್ಯೂಬು ಚೊಕ್ಕ ಇದೆ. ಬೇರೆ ಬೇರೆ ಆದರೆ ಹಂತ 1ಕ್ಕೆ ವಾಪಸ್ಸು.

ಮೆನಿಸ್ಕಸ್‌ನ ತಳವನ್ನು ಸ್ಕೇಲಿನಲ್ಲಿ ಓದಿ. ಹಿಂದೆ ಕಪ್ಪು ಕಾಗದ ಹಿಡಿದರೆ ಸ್ಪಷ್ಟ ಕಾಣುತ್ತದೆ. ಮೊಬೈಲಿನಲ್ಲಿ ಸ್ವಲ್ಪ ದೂರದಿಂದ, ಜೂಮ್ ಮಾಡಿ, ಅದೇ ಎತ್ತರದಲ್ಲಿ ಫೋಟೊ ತೆಗೆದರೆ ಇನ್ನೂ ಒಳ್ಳೆಯದು. ನೀರಿಗೆ ಇಂಕು ಹಾಕಬೇಡಿ, ಮೇಲ್ಮೈ ಎಳೆತ ಬದಲಾಗುತ್ತದೆ. ಈ ಓದಿಗೆ ಸೂಜಿಯ ತುದಿಯವರೆಗಿನ ಅಂತರವನ್ನು ಸೇರಿಸಿದರೆ ಎತ್ತರ ಸಿಕ್ಕಿತು.

ಹಂತ 4: ಲೆಕ್ಕ

ಅದೇ ಟ್ಯೂಬಿನಲ್ಲಿ ಎತ್ತರ 26.5 ಮಿ.ಮೀ. ಬಂತು ಎನ್ನಿ. ಬಾಗಿದ ಅಂಚಿನ ಪಕ್ಕದಲ್ಲೂ ಸ್ವಲ್ಪ ನೀರಿದೆ. ಅದರ ಲೆಕ್ಕಕ್ಕೆ ತ್ರಿಜ್ಯದ ಮೂರನೇ ಒಂದು ಭಾಗ, ಅಂದರೆ 0.2 ಮಿ.ಮೀ. ಸೇರಿಸಿ. 26.7 ಆಯಿತು. ಮೇಲ್ಮೈ ಎಳೆತ = ಎತ್ತರ × ತ್ರಿಜ್ಯ × ಸಾಂದ್ರತೆ × ಗುರುತ್ವ ÷ 2. ಉದ್ದಗಳನ್ನು ಮೀಟರಿಗೆ ತನ್ನಿ: 0.0267 × 0.000551 × 996.5 × 9.78 ÷ 2 = 0.0717. 996.5 ಎಂಬುದು 27 ಡಿಗ್ರಿಯ ನೀರಿನ ಸಾಂದ್ರತೆ. ಬೆಂಗಳೂರಿನಲ್ಲಿ ಗುರುತ್ವದ ಬೆಲೆ 9.78 ಎಂದೇ ಹಿಡಿಯಬೇಕು.

20 ಡಿಗ್ರಿಯ ಬೆಲೆ 0.0728 ಇತ್ತಲ್ಲ, ಇದು ಕಡಿಮೆ ಯಾಕೆ? ಬಿಸಿ ಏರಿದಂತೆ ಮೇಲ್ಮೈ ಎಳೆತ ಇಳಿಯುತ್ತದೆ. 27 ಡಿಗ್ರಿಯಲ್ಲಿ ಅದು 0.0717 ಆಸುಪಾಸು. ಅದಕ್ಕೇ ನೀರಿನ ಉಷ್ಣತೆಯನ್ನು ತಪ್ಪದೆ ಬರೆದುಕೊಳ್ಳಿ. ನಿಮ್ಮ ಉತ್ತರ 0.068ರಿಂದ 0.074ರ ಒಳಗೆ ಬಂದರೆ ಚೆನ್ನಾಗಿ ಮಾಡಿದ್ದೀರಿ. 0.05ರ ಹತ್ತಿರ ಬಂದರೆ ಎಲ್ಲೋ ಸೋಪು ಉಳಿದಿದೆ. ನೀರು ನಡುವೆಯೇ ತುಂಡಾಗಿ ನಿಂತಿದ್ದರೆ ಗಾಳಿಗುಳ್ಳೆ ಸಿಕ್ಕಿದೆ, ಟ್ಯೂಬು ತೆಗೆದು ಖಾಲಿ ಮಾಡಿ ಮತ್ತೆ ಇಡಿ.

ಜೋಡಿಸಿದ್ದನ್ನು ಬಿಚ್ಚುವ ಮುಂಚೆ ಇವನ್ನೂ ನೋಡಿ

ಟ್ಯೂಬನ್ನು ವಾಲಿಸಿ. ನೆಟ್ಟಗಿನಿಂದ 60 ಡಿಗ್ರಿ ವಾಲಿಸಿದರೆ ಒಳಗಿನ ನೀರಿನ ಉದ್ದ ಎರಡು ಪಟ್ಟಾಗುತ್ತದೆ. ನೇರ ಎತ್ತರ ಮಾತ್ರ ಮೊದಲಿನಷ್ಟೇ.

ಟ್ಯೂಬನ್ನು ಆಳಕ್ಕೆ ಇಳಿಸಿ, ನೀರಿನ ಮೇಲೆ 1 ಸೆಂ.ಮೀ. ಮಾತ್ರ ಉಳಿಯಲಿ. ನೀರು ಕಾರಂಜಿಯಂತೆ ಉಕ್ಕಬೇಕಲ್ಲವೇ? ಉಕ್ಕುವುದಿಲ್ಲ. ತುದಿಗೆ ಬಂದು ನಿಲ್ಲುತ್ತದೆ, ಮೆನಿಸ್ಕಸ್‌ನ ಬಾಗು ಕಡಿಮೆಯಾಗುತ್ತದೆ. ಅಷ್ಟು ಕಡಿಮೆ ತೂಕಕ್ಕೆ ಅಷ್ಟು ಬಾಗು ಸಾಕು. ಸಿಇಟಿ, ನೀಟ್‌ಗೆ ಓದುವ ಮಕ್ಕಳನ್ನು ಬಹಳ ಕಾಡುವ ಪ್ರಶ್ನೆ ಇದು, ಕಣ್ಣಾರೆ ಕಂಡವರು ಮರೆಯುವುದಿಲ್ಲ.

ಬೇರೆ ಟ್ಯೂಬು ತೆಗೆದುಕೊಂಡು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ. ಹತ್ತಿರ ಬೆಂಕಿ ಇರಬಾರದು. ಸ್ಪಿರಿಟ್ ನೀರಿಗಿಂತ ಹಗುರ, ಹೆಚ್ಚು ಏರಬೇಕು ಅನಿಸುತ್ತದೆ. ಏರುವುದು 1 ಸೆಂ.ಮೀ. ಸುಮಾರು ಮಾತ್ರ. ಅದರ ಮೇಲ್ಮೈ ಎಳೆತ ನೀರಿನ ಮೂರನೇ ಒಂದು ಭಾಗದ ಆಸುಪಾಸಿನಲ್ಲಿದೆ. ಪಾದರಸವಂತೂ ಗಾಜಿಗೆ ಅಂಟುವುದೇ ಇಲ್ಲ. ಅದರ ಸ್ಪರ್ಶ ಕೋನ ಸುಮಾರು 140 ಡಿಗ್ರಿ, ಇಂಥ ಟ್ಯೂಬಿನಲ್ಲಿ ಅದು ಹೊರಗಿನ ಮಟ್ಟಕ್ಕಿಂತ 1 ಸೆಂ.ಮೀ. ಕೆಳಗೇ ನಿಲ್ಲುತ್ತದೆ. ಇದನ್ನು ಓದಿ ತಿಳಿದರೆ ಸಾಕು. ಪಾದರಸ ವಿಷ, ಮನೆಗೆ ತರಬೇಡಿ.

ಟ್ಯೂಬು ಸಿಗದಿದ್ದರೆ: ಎರಡು ಸ್ಲೈಡು, ಒಂದು ಬೆಂಕಿಕಡ್ಡಿ

ಮೈಕ್ರೋಸ್ಕೋಪಿನ ಎರಡು ಗಾಜಿನ ಸ್ಲೈಡುಗಳನ್ನು ತೊಳೆದು ಒಂದರ ಮೇಲೊಂದು ಇಡಿ. ಉದ್ದದ ಒಂದು ಅಂಚಿನಲ್ಲಿ ಮಾತ್ರ ಮೇಲೊಂದು, ಕೆಳಗೊಂದು ಬೆಂಕಿಕಡ್ಡಿಯ ಚೂರು ಸಿಕ್ಕಿಸಿ. ಎರಡು ರಬ್ಬರ್‌ಬ್ಯಾಂಡು ಹಾಕಿ ನೆಟ್ಟಗೆ ನಿಲ್ಲಿಸಿ, ಬುಡ ನೀರಿಗೆ ತಾಗಲಿ. ಒಂದು ಅಂಚಿನಲ್ಲಿ ಸಂದು ಸೊನ್ನೆ, ಇನ್ನೊಂದು ಅಂಚಿನಲ್ಲಿ 2 ಮಿ.ಮೀ. ಸುಮಾರು. ನೀರು ಏರಿ ಚೆಂದದ ಬಾಗು ಗೆರೆ ಬರೆಯುತ್ತದೆ. ಅದು ಹೈಪರ್ಬೋಲಾ. 1712ರಲ್ಲಿ ಬ್ರೂಕ್ ಟೇಲರ್ ಇದನ್ನು ಗಮನಿಸಿ ಬರೆದಿದ್ದ.

ಮುಚ್ಚಿದ ಅಂಚಿನಿಂದ 5 ಮಿ.ಮೀ. ದೂರದಲ್ಲಿ ನೀರು ಸುಮಾರು 37 ಮಿ.ಮೀ. ಏರಿದರೆ, 10 ಮಿ.ಮೀ. ದೂರದಲ್ಲಿ ಸುಮಾರು 18 ಮಿ.ಮೀ. ಇರುತ್ತದೆ. ದೂರ ಮತ್ತು ಎತ್ತರದ ಗುಣಲಬ್ಧ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ತರಗತಿಯಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯ ಪ್ರಯೋಗ ನನಗೆ ಗೊತ್ತಿಲ್ಲ. ಇಡೀ ನಿಯಮ ಒಂದೇ ನೋಟಕ್ಕೆ ಕಾಣುತ್ತದೆ. ಇಲ್ಲಿ ಅಳೆಯುವುದಕ್ಕಿಂತ ನೋಡುವುದು ಮುಖ್ಯ, ಹಾಗಾಗಿ ನೀರಿಗೆ ಒಂದು ಹನಿ ಆಹಾರದ ಬಣ್ಣ ಹಾಕಬಹುದು.

ಜೂರಿನ್ ಹೇಳಿದ್ದನ್ನು ಡ್ರಾಪರಿನಲ್ಲಿ ನೋಡಿ

ಔಷಧಿ ಬಾಟಲಿಯ ಗಾಜಿನ ಡ್ರಾಪರ್ ತೆಗೆದುಕೊಳ್ಳಿ. ರಬ್ಬರ್ ಬುರುಡೆ ತೆಗೆದು ಚೆನ್ನಾಗಿ ತೊಳೆಯಿರಿ. ಸಣ್ಣ ತುದಿ ಮೇಲಿರುವಂತೆ ಹಿಡಿದು, ಅಗಲ ಬಾಯಿಯನ್ನು ಮೊದಲು ಇಳಿಸಿ ಪೂರ್ತಿ ಮುಳುಗಿಸಿ. ಒಳಗಿನ ಗಾಳಿಯೆಲ್ಲ ಹೋಗಲಿ. ಈಗ ಮೆಲ್ಲಗೆ ಮೇಲೆತ್ತಿ, ಕೆಳಗಿನ ಬಾಯಿ ನೀರಲ್ಲೇ ಇರಲಿ.

ಸಣ್ಣ ತುದಿ ನೀರಿನಿಂದ 2 ಸೆಂ.ಮೀ. ಮೇಲೆ ಬಂದರೂ ಡ್ರಾಪರ್ ತುಂಬಿಯೇ ಇರುತ್ತದೆ. ಕೆಳಗಿನ ಭಾಗ 5-6 ಮಿ.ಮೀ. ಅಗಲವಿದೆ. ಅಷ್ಟು ಅಗಲದ ಕೊಳವೆಯಲ್ಲಿ ನೀರು ತಾನಾಗಿ ಏರುವುದು 5-6 ಮಿ.ಮೀ. ಮಾತ್ರ. ಆದರೂ ನೀರು ಬೀಳುತ್ತಿಲ್ಲ, ಯಾಕೆಂದರೆ ಮೆನಿಸ್ಕಸ್ ಇರುವುದು ಮೇಲಿನ ಸಣ್ಣ ತುದಿಯಲ್ಲಿ. ಇನ್ನೂ ಎತ್ತಿ. ತುದಿಯ ಅಗಲಕ್ಕೆ ತಕ್ಕ ಎತ್ತರ ದಾಟುತ್ತಲೇ ಮೆನಿಸ್ಕಸ್ ಕೆಳಗೆ ಸರಿದು ಅಗಲ ಭಾಗಕ್ಕೆ ಬರುತ್ತದೆ, ನೀರೆಲ್ಲ ಒಂದೇ ಸಲಕ್ಕೆ ಕುಸಿಯುತ್ತದೆ.

ಹೊಲ, ಗೋಡೆ, ಮರ

ಮಣ್ಣಿನ ಕಣಗಳ ನಡುವಿನ ಸಂದುಗಳೂ ಸಣ್ಣ ಕೊಳವೆಗಳೇ. ವಿಜಯಪುರ, ಗದಗ, ರಾಯಚೂರು ಕಡೆಯ ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಬೆಳೆಯುವುದು ಮಣ್ಣಿನಲ್ಲಿ ಉಳಿದ ತೇವದ ಮೇಲೆ. ಆ ತೇವ ಸಂದುಗಳ ಮೂಲಕ ಮೇಲಕ್ಕೆ ಬಂದು ಬಿಸಿಲಿಗೆ ಆರಿಹೋಗುತ್ತದೆ. ರೈತರು ಸಾಲಿನ ನಡುವೆ ಎಡೆಕುಂಟೆ ಹೊಡೆದರೆ ಕಳೆ ಹೋಗುತ್ತದೆ, ಬಿರುಕು ಮುಚ್ಚುತ್ತದೆ, ಜೊತೆಗೆ ಮೇಲ್ಪದರದ ಸಂದುಗಳು ಕಡಿದು ತೇವ ಕೆಳಗೇ ಉಳಿಯುತ್ತದೆ. ಇಟ್ಟಿಗೆ ಗೋಡೆಯ ಬುಡಕ್ಕೆ ತೇವ ಹತ್ತುವುದೂ ಹೀಗೇ. ತಳಪಾಯದ ಮೇಲೆ ಡಿಪಿಸಿ ಎಂಬ ತೇವ ತಡೆಯುವ ಪದರ ಹಾಕುವುದು ಆ ದಾರಿ ಕಡಿಯುವುದಕ್ಕೆ. ಬುಡದಲ್ಲಿ ದಾರಿ ತೆರೆದಿರುವಾಗ ಮೇಲೆ ಎಷ್ಟು ಬಣ್ಣ ಬಳಿದರೂ ಅದು ಉದುರುತ್ತಲೇ ಇರುತ್ತದೆ.

ಮರದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಬೇರಿನಿಂದ ಎಲೆಗೆ ನೀರು ಏರುವುದು ಕಾಂಡದ ಕೊಳವೆಗಳ ಲೋಮನಾಳ ಕ್ರಿಯೆಯಿಂದ ಎಂದು ಎಷ್ಟೋ ಕಡೆ ಬರೆದುಬಿಡುತ್ತಾರೆ. ಸೂತ್ರ ಹಾಕಿ ನೋಡಿ. ಕಾಂಡದ ನೀರಿನ ಕೊಳವೆಯ ತ್ರಿಜ್ಯ 20 ಮೈಕ್ರೋಮೀಟರ್ ಎಂದರೆ ಏರಿಕೆ ಸುಮಾರು 75 ಸೆಂ.ಮೀ. ಅಡಿಕೆ ಮರ 15 ಮೀಟರ್ ದಾಟುತ್ತದೆ. ಕ್ಯಾಲಿಫೋರ್ನಿಯಾದ ಅತಿ ಎತ್ತರದ ರೆಡ್‌ವುಡ್ 115 ಮೀಟರಿಗೂ ಹೆಚ್ಚು.

ಡ್ರಾಪರ್ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮರದಲ್ಲಿ ನೀರಿನ ಮೆನಿಸ್ಕಸ್ ಇರುವುದು ಕಾಂಡದಲ್ಲಲ್ಲ, ಎಲೆಯೊಳಗಿನ ಜೀವಕೋಶದ ಗೋಡೆಗಳ ಸಂದುಗಳಲ್ಲಿ. ಅವು ನ್ಯಾನೋಮೀಟರ್ ಅಳತೆಯವು. ತ್ರಿಜ್ಯ 10 ನ್ಯಾನೋಮೀಟರ್ ಎಂದು ಹಿಡಿದರೂ ಸೂತ್ರದ ಪ್ರಕಾರ ಅಂಥ ಸಂದು 1400 ಮೀಟರಿಗೂ ಎತ್ತರದ ನೀರಿನ ಕಂಬವನ್ನು ಹಿಡಿದು ನಿಲ್ಲಬಲ್ಲದು. ಕೆಳಗಿನ ಕೊಳವೆ ಎಷ್ಟು ಅಗಲ ಎಂಬುದು ಲೆಕ್ಕಕ್ಕಿಲ್ಲ, ಆದರೆ ನೀರು ಎಲ್ಲೂ ತುಂಡಾಗದೆ ಕೂಡಿಕೊಂಡಿರಬೇಕು. ಸಸಿಯಾಗಿದ್ದಾಗಿನಿಂದಲೂ ಮರ ನೀರು ತುಂಬಿಕೊಂಡೇ ಬೆಳೆದಿರುತ್ತದೆ. ಬಿಸಿಲಿಗೆ ಎಲೆಯಿಂದ ನೀರು ಆವಿಯಾದಷ್ಟೂ ಆ ಸಣ್ಣ ಮೆನಿಸ್ಕಸ್‌ಗಳು ಇನ್ನಷ್ಟು ಬಾಗಿ ಕೆಳಗಿನ ನೀರನ್ನು ಎಳೆದುಕೊಳ್ಳುತ್ತವೆ. ನಡುವೆ ಗಾಳಿಗುಳ್ಳೆ ಸೇರಿದ ಕೊಳವೆ ಕೆಲಸಕ್ಕೆ ಬಾರದಾಗುತ್ತದೆ, ನೀರು ಪಕ್ಕದ ಕೊಳವೆಗಳಲ್ಲಿ ಹೋಗುತ್ತದೆ. ಕತ್ತರಿಸಿ ತಂದ ಹೂವಿನ ದಂಟಿನ ತುದಿಯನ್ನು ನೀರೊಳಗೇ ಇನ್ನೊಮ್ಮೆ ಕತ್ತರಿಸಿ ಎಂದು ಹೇಳುವುದು ಇದಕ್ಕೇ. ಗಾಳಿ ಸೇರಿದ ತುಂಡು ಹೋಗಿ, ಒಳಗಿನ ನೀರು ಹೂಜಿಯ ನೀರಿಗೆ ಮತ್ತೆ ಕೂಡಿಕೊಳ್ಳುತ್ತದೆ.